ಹೇನು ನೋಡುವ ಹೊತ್ತು

ಹುಣಸೂರಿನಿಂದ ವೀರನಹೊಸಹಳ್ಳಿ ಗೇಟಿನ ಕಡೆ ಹೋಗುವ ರಸ್ತೆ ಬದಿಯಲ್ಲಿ ಒಂದು ಗೋಣಿಮರ ಉಳಿದಿದೆ. ಹಣ್ಣು ಬಿಟ್ಟಾಗ ಅದರ ತುಂಬ ಕೋತಿಗಳು. ನೆತ್ತಿಯ ಕೂದಲು ನಡುವಿನಿಂದ ಸುತ್ತಲೂ ಟೋಪಿಯ ಹಾಗೆ ಹರಡಿರುವ, ದಕ್ಷಿಣ ಭಾರತದಲ್ಲಿ ಮಾತ್ರ ಇರುವ ನಮ್ಮ ಮಾಮೂಲಿ ಕೋತಿ. ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾದಾಗ ಹೆಣ್ಣುಗಳ ಎದೆಯಲ್ಲಿ ಕರಿ ಮರಿಗಳು ಕಾಣತೊಡಗುತ್ತವೆ.

ಈ ಸಲ ಅವುಗಳಲ್ಲಿ ಒಂದು ಮರಿ ಸತ್ತಿತ್ತು. ಗಾಯವೇನೂ ಕಾಣಲಿಲ್ಲ. ಹಾಲೂಡಿಸುವ ಕಾಲದಲ್ಲಿ ಈ ಜಾತಿಯ ತಾಯಂದಿರ ಮುಖ ಕೆಂಪೇರುತ್ತದೆ. ಸತ್ತ ಮರಿಯ ತಾಯಿಯ ಮುಖವೂ ಇನ್ನೂ ಕೆಂಪಗೇ ಇತ್ತು. ಬದುಕಿರುವ ಮರಿ ತಾನೇ ತಾಯಿಯ ಹೊಟ್ಟೆಗೆ ಕಚ್ಚಿಕೊಳ್ಳುತ್ತದೆ, ತಾಯಿ ನಾಲ್ಕೂ ಕೈಕಾಲು ಬಳಸಿ ಓಡಬಹುದು, ಹತ್ತಬಹುದು. ಸತ್ತ ಮರಿ ಹಿಡಿದುಕೊಳ್ಳುವುದಿಲ್ಲ. ಹಿಡಿಯುವ ಕೆಲಸವೆಲ್ಲ ತಾಯಿಯದೇ ಆಗುತ್ತದೆ. ಅದು ಮೂರು ಕಾಲಲ್ಲಿ ಕುಂಟುತ್ತ ಗುಂಪಿನ ಹಿಂದೆ ಬಿದ್ದಿತ್ತು. ಕೊಂಬೆ ಹತ್ತುವಾಗ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡಿತು.

ನಾನು ಅಲ್ಲಿ ಕೂರುವುದು ಮಧ್ಯಾಹ್ನ. ಅಪ್ಪ ಅವ್ವ ಉಂಡು, ಮಾತ್ರೆ ನುಂಗಿ, ಮಲಗಿದ ಮೇಲಿನ ಆ ಹೊತ್ತು ಮಾತ್ರ ನನ್ನದು. ಮಗಳು ಹೋದ ಮೇಲೆ ನಾನು ತವರಿಗೆ ಬಂದವಳು. ಪಿಯುಸಿ ಓದುತ್ತಿದ್ದ ಹುಡುಗಿ, ಜ್ವರದಲ್ಲಿ ಹೋದಳು. ದುಃಖ ಆರಿಸಿಕೊಳ್ಳಲು ಬಂದಳು ಎಂದು ಊರವರು ತಿಳಿದರು. ಬಂದು ನೋಡಿದರೆ ಅಪ್ಪನಿಗೆ ಹೊಸ್ತಿಲು ದಾಟಲು ಒಂದು ಕೈ ಬೇಕಿತ್ತು, ಅವ್ವನಿಗೆ ಒಲೆ ಕಾಣುತ್ತಿರಲಿಲ್ಲ.

ಮರಿ ಹೊತ್ತ ಕೋತಿ ಮರದಿಂದಿಳಿದು, ಬೇರಿನ ಮೇಲೆ ಕೂತಿದ್ದ ಒಂದು ಮುದಿ ಹೆಣ್ಣಿನ ಪಕ್ಕ ಬಂತು. ಮುದಿಯ ಬೆನ್ನಿನ ಕೂದಲು ಉದುರಿ ಚರ್ಮ ಸುಕ್ಕಾಗಿತ್ತು. ಬಂದದ್ದು ಮರಿಯನ್ನು ನೆಲಕ್ಕಿಟ್ಟಿತು, ಮುದಿ ಬೆನ್ನು ತಿರುಗಿಸಿತು, ಇದು ಹೇನು ನೋಡಲು ಶುರು ಮಾಡಿತು. ಎರಡೂ ಕೈ ಅದಕ್ಕೇ: ಒಂದು ಕೈ ಕೂದಲು ಬಿಡಿಸುತ್ತದೆ, ಇನ್ನೊಂದು ಹೆಕ್ಕಿ ಬಾಯಿಗಿಡುತ್ತದೆ. ಎಡಗಾಲಿನ ಬೆರಳು ಮಾತ್ರ ಮರಿಯ ಮುಂಗೈಯನ್ನು ಹಿಡಿದೇ ಇತ್ತು. ನೊಣ ಹೆಚ್ಚಾದಾಗ ತಿರುಗಿ ಓಡಿಸಿ ಮತ್ತೆ ಬೆನ್ನಿಗೆ ಕೈ ಹಾಕುತ್ತಿತ್ತು.

ಆ ಮುದಿ ಇದರ ತಾಯಿಯೇ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಇರಬಹುದು ಎನ್ನಲು ಕಾರಣವಿದೆ. ಈ ಕೋತಿಗಳಲ್ಲಿ ಗಂಡು ಬೆಳೆದ ಮೇಲೆ ಗುಂಪು ಬಿಡುತ್ತದೆ, ಹೆಣ್ಣು ಹುಟ್ಟಿದ ಗುಂಪಿನಲ್ಲೇ ಮುದಿಯಾಗುತ್ತದೆ. ಅಜ್ಜಿ, ತಾಯಿ, ಮಗಳು ಒಂದೇ ಮರದಲ್ಲಿ. ನಮ್ಮಲ್ಲಿ ಇದು ತಿರುಗುಮುರುಗು. ಹೆಣ್ಣನ್ನು ಕೊಟ್ಟು ಕಳಿಸುತ್ತೇವೆ, ಮುಪ್ಪು ಬಂದಾಗ ಕರೆಸಿಕೊಳ್ಳುತ್ತೇವೆ.

ಸತ್ತ ಮರಿಯನ್ನು ಹೊರುವ ಈ ನಡವಳಿಕೆಯ ಬಗ್ಗೆ ನಮ್ಮ ಮೈಸೂರಿನಲ್ಲೇ ಕೆಲಸ ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್, ಕೊಯಮತ್ತೂರಿನ ಸಲೀಂ ಅಲಿ ಕೇಂದ್ರದ ಹೊನ್ನವಳ್ಳಿ ಕುಮಾರ ಅವರಿದ್ದ ತಂಡ ಈ ಕೋತಿಯಲ್ಲೂ ಸಿಂಗಳೀಕದಲ್ಲೂ ಇಂಥ ತಾಯಂದಿರನ್ನು ದಾಖಲಿಸಿ, ಬೇರೆ ವಾನರಗಳ ವರದಿಗಳ ಜೊತೆ ಇಟ್ಟು ನೋಡಿತು. ತಾಯಿಗೆ ಸಾವು ತಿಳಿಯದು ಎನ್ನುವವರಿದ್ದಾರೆ. ಹೆರಿಗೆಯ ನಂತರದ ಹಾರ್ಮೋನು ಬಿಡಗೊಡದು ಎನ್ನುವವರಿದ್ದಾರೆ. ಒಣ ಹವೆಯಲ್ಲಿ ದೇಹ ಬೇಗ ಕೊಳೆಯದ್ದರಿಂದ ಹೊರುವುದು ಉದ್ದವಾಗುತ್ತದೆ ಎಂಬ ವಾದವೂ ಇದೆ. ತಿಳಿಯದು ಎಂಬ ಮಾತು ನನಗೆ ಒಪ್ಪಿಗೆಯಾಗದು. ಬದುಕಿರುವ ಮರಿಯನ್ನು ಹೀಗೆ ಕಾಲಲ್ಲಿ ಹಿಡಿದು ಕೂತ ತಾಯಿಯನ್ನು ನಾನು ಕಂಡಿಲ್ಲ. ಏನೋ ಬದಲಾಗಿದೆ ಎಂದು ಆ ಕಾಲಿಗೆ ಗೊತ್ತಿತ್ತು.

ಇದೇ ಮೇವಾ ಸಿಂಗ್ ಮತ್ತು ಸಂಗಡಿಗರು ಮೈಸೂರು ಸುತ್ತಿನ ರಸ್ತೆಗಳಲ್ಲಿ ಕಾಲು ಶತಮಾನ ಕೋತಿ ಎಣಿಸಿ, ಅವುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿದೆ ಎಂದು 2017ರಲ್ಲಿ ಬರೆದರು. ರಸ್ತೆ ಅಗಲವಾದಂತೆ ಆಲ, ಗೋಣಿ, ಅತ್ತಿ ಹೋದವು. ಕೋತಿ ಕಾಟ ಎಂದು ಗೊಣಗುವ ನಮ್ಮೂರಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಬೇಸಿಗೆಯಲ್ಲಿ ಹೆಗ್ಗಡದೇವನಕೋಟೆ ಕಡೆಯ ಕಬಿನಿ ಹಿನ್ನೀರಿಗೂ ಹೋಗಿಬರುತ್ತೇನೆ. ಆ ದಿನ ಅಪ್ಪ ಅವ್ವನ ಬಳಿ ಅತ್ತಿಗೆ ಇರುತ್ತಾಳೆ. 1974ರಲ್ಲಿ ಅಣೆಕಟ್ಟೆ ಮುಗಿದು ಕಾಕನಕೋಟೆಯ ಕಾಡಿನ ಒಂದು ಭಾಗ ಮುಳುಗಿತು. ಈಗ ನೀರು ಇಳಿದಾಗ ಆ ನೆಲದಲ್ಲಿ ಎಳೆ ಹುಲ್ಲು ಏಳುತ್ತದೆ, ಆನೆಗಳು ಅದಕ್ಕೆ ಬರುತ್ತವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಟಿ.ಎನ್.ಸಿ. ವಿದ್ಯಾ ಮತ್ತು ಅವರ ವಿದ್ಯಾರ್ಥಿಗಳು 2009ರಿಂದ ಇಲ್ಲಿನ ಆನೆಗಳನ್ನು ಕಿವಿಯ ಹರಕು, ಬಾಲದ ಕೂದಲು ನೋಡಿ ಒಂದೊಂದಾಗಿ ಗುರುತಿಟ್ಟಿದ್ದಾರೆ.

ನನ್ನ ಕಣ್ಣು ಹೋಗುವುದು ಮುದಿ ಹೆಣ್ಣಾನೆಗಳ ಕಡೆಗೆ. ಕಣತಲೆ ಗುಳಿಬಿದ್ದಿರುತ್ತದೆ, ಕಿವಿಯ ಮೇಲಂಚು ಮಡಚಿ ಮುಂದೆ ಬಾಗಿರುತ್ತದೆ. ಆನೆಗೆ ಜೀವಮಾನದಲ್ಲಿ ದವಡೆ ಹಲ್ಲು ಆರು ಸಲ ಬರುತ್ತದೆ. ಆರನೆಯದು ಸವೆದ ಮೇಲೆ ಬಿದಿರು, ತೊಗಟೆ ಯಾವುದೂ ನಡೆಯದು. ನೀರಂಚಿನ ಮೆತ್ತನೆ ಹುಲ್ಲೇ ಗತಿ. ಅಂಥ ಒಂದು ಹಣ್ಣು ಮುದುಕಿ ಹುಲ್ಲಿನ ಬುಡ ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ, ಬಹಳ ಹೊತ್ತು ಅಗಿದು, ಕೊನೆಗೆ ಉಂಡೆಯನ್ನು ಉಗುಳಿದ್ದನ್ನು ನೋಡಿದ್ದೇನೆ. ಜೊತೆಯವು ಮೇಯುತ್ತ ದೂರ ಹೋದವು, ನಿಂತವು, ಒಂದು ಹೆಣ್ಣು ಹಿಂದಕ್ಕೆ ಬಂತು. ಮುದುಕಿಗಾಗಿ ಬಂತೋ, ಹುಲ್ಲಿಗಾಗಿ ಬಂತೋ? ದೂರದರ್ಶಕದಲ್ಲಿ ಅಷ್ಟೆಲ್ಲ ಕಾಣುವುದಿಲ್ಲ.

ಮುದುಕಿಯರನ್ನು ಇಟ್ಟುಕೊಳ್ಳುವುದರಿಂದ ಹಿಂಡಿಗೆ ಲಾಭವೂ ಇದೆ. ಮ್ಯಾನ್ಮಾರಿನ ಮರ ಎಳೆಯುವ ಆನೆಗಳ ದಾಖಲೆಗಳನ್ನು ತೆಗೆದು ನೋಡಿದ 2016ರ ಅಧ್ಯಯನದಲ್ಲಿ, ಎಳೆ ತಾಯಿಯ ಜೊತೆ ಅಜ್ಜಿಯೂ ಇದ್ದಾಗ ಮರಿ ಸಾಯುವ ಸಂಭವ ಎಂಟನೇ ಒಂದು ಪಾಲಿಗೆ ಇಳಿದಿತ್ತು. ಆದರೂ ಸಾಯುತ್ತವೆ. ಉತ್ತರ ಬಂಗಾಳದ ಚಹಾ ತೋಟಗಳ ಕಾಲುವೆಗಳಲ್ಲಿ ಆನೆಗಳು ಐದು ಮರಿಗಳನ್ನು ಕಾಲು ಮೇಲಾಗಿ ಮಣ್ಣು ಮಾಡಿದ್ದ ವರದಿ 2024ರಲ್ಲಿ ಬಂದಿತ್ತು. ಮಣ್ಣು ಮಾಡಿ ಹಿಂಡು ಅಲ್ಲಿಂದ ಹೊರಟುಬಿಟ್ಟಿತ್ತು. ಅದರಲ್ಲಿ ಅವಸರ ಕಂಡವರೂ ಇದ್ದಾರು. ಒಂದು ಆನೆಗೆ ದಿನಕ್ಕೆ ನೂರು ಕಿಲೋಗೂ ಹೆಚ್ಚು ಮೇವು ಬೇಕು. ನಿಂತಲ್ಲೇ ನಿಂತರೆ ಇರುವ ಮರಿಯೂ ಮುದುಕಿಯೂ ಉಪವಾಸ.

ಪಿರಿಯಾಪಟ್ಟಣದ ದೊಡ್ಡಹರವೆಯಂಥ ಸಾಕಾನೆ ಶಿಬಿರಗಳಲ್ಲಿ ರಾಗಿ, ಹುರುಳಿ ಬೇಯಿಸಿ ಉಂಡೆ ಕಟ್ಟಿ ಬಾಯಿಗಿಡುತ್ತಾರೆ. ನಮ್ಮ ಮನೆಯಲ್ಲೂ ಅದೇ. ಅವ್ವನ ತವರು ಕೆ.ಆರ್. ನಗರದ ಕಾವೇರಿ ಬಯಲು, ಅನ್ನ ಉಂಡು ಬೆಳೆದವಳು, ಮದುವೆಯಾಗಿ ಬಂದ ಹೊಸದರಲ್ಲಿ ಹುಣಸೂರಿನ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಈಗ ಹಲ್ಲಿಲ್ಲ. ಅಗಿಯುವ ರಗಳೆಯಿಲ್ಲದ ಮುದ್ದೆಯೇ ಬೇಕು.

ಕೋತಿಯ ವಿಷಯ ಅವಳಿಗೆ ಹೇಳಿದೆ. ಕಾಲಲ್ಲಿ ಹಿಡಿದಿತ್ತು ಎಂದಾಗ ತಲೆಯೆತ್ತಿದಳು. ನನಗಿಂತ ಮೊದಲು ಅವಳಿಗೊಂದು ಗಂಡು ಹುಟ್ಟಿ, ನಡೆಯುವಷ್ಟಾಗಿ ಹೋಗಿತ್ತು. ಹೊಲದ ಬದುವಿನ ಹೊಂಗೆಯ ಕೆಳಗೆ ಒಂದು ಕಲ್ಲಿದೆ ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು.

“ನಿಮ್ಮಜ್ಜಿ ಆಗ ಮಲಗಿದ್ದಲ್ಲೇ ಇದ್ಲು ಕನವ್ವ. ಬೆಳಿಗ್ಗೆ ಮಣ್ಣು ಮಾಡಿದ್ರು. ಮಧ್ಯಾನ್ಕೆ ಅವಳ ಬಟ್ಟೆ ಒಗೀಬೇಕಿತ್ತು. ಒಗ್ದೆ.”

“ಅಳ್ಲಿಲ್ವಾ?”

“ಒಗೀತಾನೇ ಅತ್ತೆ. ಕಲ್ಲತ್ರ ಯಾರ್ ನೋಡಾರು?”

ಆಮೇಲೆ, ಆ ಕಾಲದಲ್ಲಿ ಸೋಪೆಲ್ಲಿತ್ತು, ಕೆರೆ ಹಿಂದಿನ ಚೌಳು ಮಣ್ಣು ತಂದು ಬಟ್ಟೆಗೆ ಹಾಕಿ ಉಜ್ಜಬೇಕಿತ್ತು, ಮೂಡಲ ಬದಿಯ ಮಣ್ಣಾದರೆ ಕೊಳೆ ಬಿಡುತ್ತಿತ್ತು, ಪಡುವಲ ಬದಿಯದು ಬರೀ ಮರಳು ಎಂದೆಲ್ಲ ಹೇಳುತ್ತ ಹೋದಳು.