ಮೌಸಿನ ದುಭಾಷಿ

ಮೇಜಿನ ಮೇಲಿರುವ ಮೌಸನ್ನು ಬಲಕ್ಕೆ ಸರಿಸಿದರೆ ಕಂಪ್ಯೂಟರಿನ ತೆರೆಯ ಮೇಲಿನ ಬಾಣವೂ ಬಲಕ್ಕೆ ಸರಿಯುತ್ತದೆ. ನೋಡುವವರಿಗೆ ಇವೆರಡನ್ನೂ ಕಾಣದ ದಾರವೊಂದರಿಂದ ಕಟ್ಟಿದಂತೆ ತೋರುತ್ತದೆ. ವಾಸ್ತವದಲ್ಲಿ ಅಂತಹ ದಾರವಾವುದೂ ಇಲ್ಲ. ಬಾಣ ಎಲ್ಲಿದೆಯೆಂಬುದು ಮೌಸಿಗೆ ತಿಳಿಯದು. ತೆರೆಯೊಂದು ಇದೆಯೆಂಬುದೂ ಅದಕ್ಕೆ ತಿಳಿಯದು. ಹಿಂದಿನ ವರದಿಯ ತರುವಾಯ ತಾನು ಎಷ್ಟು ಸರಿದೆ, ಈಗ ಯಾವ ಗುಂಡಿ ಒತ್ತಲ್ಪಟ್ಟಿದೆ ಎಂಬಿಷ್ಟನ್ನು ಮಾತ್ರ ಅದು ಅಂಕಿಗಳಲ್ಲಿ ಹೇಳಬಲ್ಲದು. ಆ ಅಂಕಿಗಳನ್ನು ಕೇಳಿ, ಅವುಗಳ ಅರ್ಥವನ್ನು ಗ್ರಹಿಸಿ, ಕಂಪ್ಯೂಟರಿಗೆ ತಿಳಿಯಹೇಳುವ ದುಭಾಷಿಯೊಂದು ನಡುವೆ ಇರಬೇಕಾಗುತ್ತದೆ. ಈ ಕೆಲಸವನ್ನು ಮಾಡುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು.

ಮೌಸನ್ನು ಕಲ್ಪಿಸಿದವರು ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್. ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ 1964ರಲ್ಲಿ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಅದರ ಮೊದಲ ಮಾದರಿಯನ್ನು ಕಟ್ಟಿದರು. ಒಂದು ಮರದ ಪೆಟ್ಟಿಗೆ, ಅದರ ಅಡಿಯಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು ಚಕ್ರ, ಮೇಲೊಂದು ಗುಂಡಿ. ಇಷ್ಟೇ ಅದರ ರಚನೆ. ಬಾಲದಂತಿದ್ದ ತಂತಿಯ ಕಾರಣದಿಂದ ಅದಕ್ಕೆ ಇಲಿಯ ಹೆಸರು ಅಂಟಿಕೊಂಡಿತು. ಮುಂದೆ ಚಕ್ರಗಳು ಹೋಗಿ ಉರುಳುವ ಗುಂಡು ಬಂದಿತು. ಗುಂಡು ಹೋಗಿ ಬೆಳಕಿನ ಕಿರಣ ಬಂದಿತು. ಆದರೆ ಎಷ್ಟು ಸರಿದೆನೆಂದು ಹೇಳುವ ಅದರ ಕೆಲಸ ಮಾತ್ರ ಬದಲಾಗಲಿಲ್ಲ.

ಡ್ರೈವರನ್ನು ಬರೆಯಲು ಕಲಿಯುವವರು ಐಬಿಎಂ ಸಂಸ್ಥೆಯು 1987ರಲ್ಲಿ ಬಳಕೆಗೆ ತಂದ ಪಿಎಸ್-2 ಎಂಬ ಬಗೆಯ ಮೌಸಿನಿಂದ ಆರಂಭಿಸುವುದುಂಟು. ಅದು ಹಳೆಯದಾದರೂ ಅದರ ಭಾಷೆ ಅತ್ಯಂತ ಸರಳ. ಒಂದೊಂದು ವರದಿಯಲ್ಲಿಯೂ ಮೂರೇ ಬೈಟುಗಳು, ಎಂದರೆ 0ಯಿಂದ 255ರವರೆಗಿನ ಮೂರು ಸಂಖ್ಯೆಗಳು. ಎರಡನೆಯದು ಅಡ್ಡಲಾಗಿ ಸರಿದ ದೂರ. ಮೂರನೆಯದು ಮೇಲಕ್ಕೋ ಕೆಳಕ್ಕೋ ಸರಿದ ದೂರ. ಮೊದಲನೆಯದು ಎಂಟು ಸೂಚನೆಗಳ ಗಂಟು. ಅದರಲ್ಲಿ 1 ಸೇರಿದ್ದರೆ ಎಡಗುಂಡಿ, 2 ಸೇರಿದ್ದರೆ ಬಲಗುಂಡಿ, 4 ಸೇರಿದ್ದರೆ ನಡುಗುಂಡಿ ಒತ್ತಲ್ಪಟ್ಟಿದೆ. 8 ಯಾವಾಗಲೂ ಸೇರಿಯೇ ಇರುತ್ತದೆ. 16 ಇದ್ದರೆ ಚಲನೆ ಎಡಕ್ಕೆ, 32 ಇದ್ದರೆ ಕೆಳಕ್ಕೆ. ಉಳಿದ 64 ಮತ್ತು 128 ಇವೆರಡೂ, ದೂರವು ಬೈಟಿನಲ್ಲಿ ಹಿಡಿಸದಷ್ಟು ಹೆಚ್ಚಾಯಿತೆಂಬ ಎಚ್ಚರಿಕೆಗಳು.

ಮೌಸು 25, 253, 4 ಎಂದು ಕಳುಹಿಸಿತೆಂದು ಭಾವಿಸೋಣ. 25 ಎಂದರೆ 16, 8 ಮತ್ತು 1ರ ಮೊತ್ತ. ಆದುದರಿಂದ ಎಡಗುಂಡಿ ಒತ್ತಲ್ಪಟ್ಟಿದೆ, ಚಲನೆ ಎಡಕ್ಕೆ. ಹೀಗೆ ಎಡದ ಸೂಚನೆಯಿರುವಾಗ ಎರಡನೆಯ ಸಂಖ್ಯೆಯಿಂದ 256ನ್ನು ಕಳೆಯಬೇಕು. 253ರಲ್ಲಿ 256 ಕಳೆದರೆ -3. ಎಂದರೆ ಮೂರು ಹೆಜ್ಜೆ ಎಡಕ್ಕೆ. 4 ಎಂದರೆ ನಾಲ್ಕು ಹೆಜ್ಜೆ ಮೇಲಕ್ಕೆ. ಇಲ್ಲಿಯೂ ಒಂದು ತೊಡಕಿದೆ. ಮೌಸಿಗೆ ಮೇಲೆಂಬುದು ಕೂಡುವ ದಿಕ್ಕು. ತೆರೆಯಾದರೋ ತನ್ನ ಸಾಲುಗಳನ್ನು ಪುಸ್ತಕದ ಪುಟದಂತೆ ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ. ಆದಕಾರಣ ಬಾಣದ ಸ್ಥಾನದಿಂದ 4ನ್ನು ಕಳೆಯಬೇಕು. ಇದನ್ನು ಮರೆತರೆ ಕೈ ಮೇಲೇರಿದಾಗ ಬಾಣ ಕೆಳಗಿಳಿಯುತ್ತದೆ.

ಇಷ್ಟು ಲೆಕ್ಕ ಬಲ್ಲವರು ಡ್ರೈವರನ್ನು ಬರೆದುಬಿಡಬಹುದೇ? ಕಷ್ಟವಿರುವುದು ಮುಂದೆ. ದಾರಿಯಲ್ಲಿ ಒಂದೇ ಒಂದು ಬೈಟು ಕಳೆದುಹೋಯಿತೆಂದುಕೊಳ್ಳಿರಿ. ಮೇಲಿನ ವರದಿಯ 25 ಬರಲೇ ಇಲ್ಲ. ಮುಂದಿನ ವರದಿಯೂ 25ರಿಂದಲೇ ಮೊದಲಾಗುತ್ತದೆ. ಆಗ ಡ್ರೈವರು 253, 4, 25 ಎಂಬ ಮೂರನ್ನು ಒಂದು ವರದಿಯೆಂದು ಎಣಿಸುತ್ತದೆ. ಫಲವೇನು? ಎಡಗುಂಡಿಯೊಡನೆ ನಡುಗುಂಡಿಯೂ ಒತ್ತಲ್ಪಟ್ಟಂತಾಗುತ್ತದೆ. ಬಾಣವು 252 ಹೆಜ್ಜೆ ಎಡಕ್ಕೂ 231 ಹೆಜ್ಜೆ ಕೆಳಕ್ಕೂ ಒಮ್ಮೆಲೇ ಹಾರುತ್ತದೆ. ಕಡತವೊಂದನ್ನು ಹಿಡಿದು ಎಳೆಯುತ್ತಿದ್ದವರ ಪಾಡನ್ನು ಊಹಿಸಬಹುದು. ಇಷ್ಟಕ್ಕೆ ಮುಗಿಯುವುದಿಲ್ಲ. ಮುಂದಿನ ವರದಿಗಳೆಲ್ಲವೂ ಹಾಗೆಯೇ ಒಂದೊಂದು ಸ್ಥಾನ ತಪ್ಪಿ ಓದಲ್ಪಡುತ್ತವೆ.

ಮೊದಲ ಬೈಟಿನಲ್ಲಿ 8 ಸದಾ ಇರುವುದು ಇದಕ್ಕೆ ಕಾವಲಾಗಿದೆ. ಅದು ಕಾಣದಿದ್ದರೆ ಆ ಬೈಟನ್ನು ಮೊದಲನೆಯದೆಂದು ಸ್ವೀಕರಿಸಬಾರದು. ಆದರೆ ಈ ಕಾವಲುಗಾರನನ್ನೇ ಪೂರ್ತಿ ನಂಬುವಂತಿಲ್ಲ. 253ರಲ್ಲಿಯೂ 8 ಅಡಗಿದೆಯಲ್ಲವೇ! ಅದೃಷ್ಟವಶಾತ್ ಅದರಲ್ಲಿ 64 ಮತ್ತು 128 ಕೂಡ ಇವೆ. ಇಂತಹ ಎಚ್ಚರಿಕೆಯುಳ್ಳ ವರದಿಯನ್ನು ಬಿಟ್ಟುಬಿಡುವುದೇ ಕ್ಷೇಮ. ಕಾಲವೂ ಸಹಾಯಕ್ಕೆ ಬರುತ್ತದೆ. ಒಂದು ವರದಿಯ ಬೈಟುಗಳು ಬೆನ್ನುಬೆನ್ನಿಗೆ ಬರುವುದರಿಂದ, ನಡುವೆ ದೀರ್ಘ ಮೌನವುಂಟಾದರೆ ಅರೆಬರೆಯಾಗಿ ಉಳಿದುದನ್ನು ಎಸೆದು ಹೊಸದಾಗಿ ಎಣಿಸತಕ್ಕದ್ದು. ಲಿನಕ್ಸಿನ ಡ್ರೈವರು ಅರ್ಧ ಸೆಕೆಂಡಿನ ಮೌನವನ್ನು ಇದಕ್ಕೆ ಗಡುವಾಗಿ ಇಟ್ಟುಕೊಂಡಿದೆ.

ಸಾಮಾನ್ಯ ಪ್ರೋಗ್ರಾಮಿನಲ್ಲಿ ತಪ್ಪಾದರೆ ಅದೊಂದು ಮಾತ್ರ ನಿಲ್ಲುತ್ತದೆ. ಪಿಎಸ್-2 ಡ್ರೈವರು ಕೆಲಸ ಮಾಡುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲಿನ ಒಳಗೆ. ಅಲ್ಲಿನ ಒಂದು ತಪ್ಪು ಲೆಕ್ಕವು ಇಡೀ ಕಂಪ್ಯೂಟರನ್ನೇ ಸ್ತಬ್ಧಗೊಳಿಸಬಹುದು. ಆದ್ದರಿಂದಲೇ ಬಲ್ಲವರು ಕಂಪ್ಯೂಟರಿನೊಳಗೆ ಪ್ರೋಗ್ರಾಮಿನಿಂದಲೇ ಕಲ್ಪಿಸಿದ ಇನ್ನೊಂದು ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುತ್ತಾರೆ. ಅದು ನಿಂತುಹೋದರೂ ಹೊರಗಿನದಕ್ಕೆ ಬಾಧೆಯಿಲ್ಲ.

ಬೆರಳಿನಿಂದ ಉರುಳಿಸುವ ಚಕ್ರವುಳ್ಳ ಮೌಸು 1996ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯಿಂದ ಬಂದಿತು. ಚಕ್ರದ ಸುದ್ದಿಗೆ ನಾಲ್ಕನೆಯ ಬೈಟು ಬೇಕು. ಮೂರನ್ನೇ ನಿರೀಕ್ಷಿಸುವ ಹಳೆಯ ಡ್ರೈವರಿಗೆ ನಾಲ್ಕು ಬಂದರೆ ಮೊದಲಿನ ಗೊಂದಲವೇ ಮರುಕಳಿಸುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಸ್ವಾರಸ್ಯವಾದುದು. ಸೆಕೆಂಡಿಗೆ 200 ವರದಿ ಕಳುಹಿಸು, 100 ಕಳುಹಿಸು, 80 ಕಳುಹಿಸು ಎಂದು ಡ್ರೈವರು ಒಂದರ ಹಿಂದೊಂದು ಆಜ್ಞೆ ಕೊಟ್ಟು, ಬಳಿಕ ನೀನಾರೆಂದು ಕೇಳುತ್ತದೆ. ಗೊತ್ತಾದ ಲಯದಲ್ಲಿ ಬಾಗಿಲು ತಟ್ಟಿದಂತೆ ಇದು. ಹಳೆಯ ಮೌಸು 0 ಎಂದು ಉತ್ತರಿಸಿ ಮೂರೇ ಬೈಟುಗಳನ್ನು ಕಳುಹಿಸುತ್ತಿರುತ್ತದೆ. ಚಕ್ರವುಳ್ಳದ್ದು ಸಂಕೇತವನ್ನು ಗುರುತಿಸಿ 3 ಎಂದು ಉತ್ತರಿಸುತ್ತದೆ. ಅಲ್ಲಿಂದ ಮುಂದೆ ನಾಲ್ಕನೆಯ ಬೈಟನ್ನೂ ಕೂಡಿಸಿ ಕಳುಹಿಸತೊಡಗುತ್ತದೆ.