ಮೂಗಿಗೆ ಹನಿ, ಮೂಲೆಗೆ ಯಂತ್ರ

ಗೊರಕೆಯ ರೋಗಕ್ಕೆಂದು ತಂದಿಟ್ಟ ಸಿಪ್ಯಾಪ್ ಯಂತ್ರದ ಪಕ್ಕದಲ್ಲಿ ಮೂಗಿಗೆ ಬಿಡುವ ಹನಿಯ ಪುಟ್ಟ ಸೀಸೆಯೂ ಕಾಯಂ ಆಗಿ ಕೂತಿದ್ದರೆ ಅದನ್ನು ಅಪಾಯದ ಗುರುತು ಎಂದೇ ತಿಳಿಯಬೇಕು. ಒಂದು ಸೀಸೆ ಮುಗಿಯುತ್ತಲೇ ಇನ್ನೊಂದು ಬರುತ್ತಿದೆ ಎಂದಾದರೆ ಆ ಮನೆಯಲ್ಲಿ ಎರಡು ಕಾಯಿಲೆಗಳಿವೆ. ಒಂದು ಡಾಕ್ಟರು ಪತ್ತೆಮಾಡಿದ್ದು, ಇನ್ನೊಂದು ಆ ಸೀಸೆಯೇ ತಂದದ್ದು. ಎರಡನೆಯದು ಸುಮ್ಮನಿರುವುದಿಲ್ಲ, ಮೊದಲನೆಯದರ ಚಿಕಿತ್ಸೆಯನ್ನೂ ನಿಲ್ಲಿಸುತ್ತದೆ.

ನಿದ್ದೆಯಲ್ಲಿ ಉಸಿರು ಕಟ್ಟುವ ಈ ಕಾಯಿಲೆ, ಅಂದರೆ ಸ್ಲೀಪ್ ಆಪ್ನಿಯಾ, ನಮ್ಮಲ್ಲಿ ಎಷ್ಟು ಜನಕ್ಕಿದೆ? ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಒಂದು ಅಂದಾಜು ಕೊಟ್ಟರು. ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿ. ದುಡಿಯುವ ವಯಸ್ಸಿನವರನ್ನಷ್ಟೇ ಎಣಿಸಿದರೂ 10 ಕೋಟಿಗೆ ಮೇಲೆ. ಅವರಲ್ಲಿ ಬಹುಪಾಲು ಜನರಿಗೆ ತಮಗೆ ಕಾಯಿಲೆ ಇರುವುದೇ ಗೊತ್ತಿಲ್ಲ. ಗೊತ್ತಾದವರಿಗೆ ಯಂತ್ರ ಈಗ ಬಾಡಿಗೆಗೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಮೂಗಿನ ಹನಿಯಂತೂ ಯಾವ ಮೆಡಿಕಲ್ ಶಾಪಿನಲ್ಲಾದರೂ ಚೀಟಿ ಇಲ್ಲದೆ ಕೈಗೆ ಬರುತ್ತದೆ. ಯಂತ್ರ ತಂದುಕೊಡುವವನು ಮಾಸ್ಕಿನ ಪಟ್ಟಿ ಬಿಗಿಯುವುದನ್ನು ಹೇಳಿಕೊಡುತ್ತಾನೆ, ಗುಂಡಿ ಒತ್ತುವುದನ್ನು ತೋರಿಸುತ್ತಾನೆ. ಗಾಳಿ ಹೋಗಬೇಕಾದ ದಾರಿ ತೆರೆದಿದೆಯೇ ಎಂದು ನೋಡುವವರು ಮಾತ್ರ ಕಡಿಮೆ.

ಆ ದಾರಿಯೇ ಮೂಗು. ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಐವರು ರೋಗಿಗಳ ವರದಿ ಪ್ರಕಟಿಸಿದಾಗ ಅವರು ಮಾಡಿದ್ದು ಇಷ್ಟೇ: ಮೂಗಿನ ಮೂಲಕ ಒಂದೇ ಸಮನಾದ ಒತ್ತಡದಲ್ಲಿ ಗಾಳಿ ಊದಿ, ನಿದ್ದೆಯಲ್ಲಿ ಸಡಿಲಗೊಂಡು ಮುಚ್ಚಿಕೊಳ್ಳುವ ಗಂಟಲನ್ನು ತೆರೆದಿಟ್ಟರು. ಅಲ್ಲಿಯವರೆಗೆ ತೀವ್ರ ರೋಗಿಗಳಿಗೆ ಇದ್ದ ಖಚಿತ ಉಪಾಯವೆಂದರೆ ಕತ್ತಿನಲ್ಲಿ ರಂಧ್ರ ಕೊರೆಯುವುದು. ಅಂಥ ದೊಡ್ಡ ಕಷ್ಟವನ್ನು ತಪ್ಪಿಸಿದ ಈ ಚಿಕಿತ್ಸೆ ಇವತ್ತು ಸೋಲುವುದು ಬಹಳ ಸಣ್ಣ ಕಾರಣಕ್ಕೆ. ಮೂಗು ಕಟ್ಟುತ್ತದೆ, ಮಾಸ್ಕ್ ಕಿತ್ತು ಪಕ್ಕಕ್ಕಿಡುತ್ತಾರೆ.

ಮೂಗಿನ ಒಳಗೋಡೆಗಳಲ್ಲಿ ಟರ್ಬಿನೇಟ್ ಎಂಬ ಮಡಿಕೆಗಳಿವೆ. ಅವುಗಳ ರಕ್ತನಾಳಗಳು ಹಿಗ್ಗಿದರೆ ಇಡೀ ಮಡಿಕೆ ನೀರು ಕುಡಿದ ಸ್ಪಂಜಿನಂತೆ ಉಬ್ಬಿ ದಾರಿಯನ್ನು ಕಿರಿದಾಗಿಸುತ್ತದೆ. ಎದ್ದು ಕೂತಾಗ ಸರಿಯಿದ್ದ ಮೂಗು ಮಲಗಿದ ಕೂಡಲೇ ಕಟ್ಟುವುದು, ಎಡಕ್ಕೆ ಹೊರಳಿದರೆ ಎಡ ಹೊಳ್ಳೆ ಮುಚ್ಚುವುದು, ಇವೆಲ್ಲ ಎಲ್ಲರಿಗೂ ಆಗುವಂಥದ್ದೇ. ಮಾಸ್ಕ್ ತೊಟ್ಟವರಿಗೆ ಮಾತ್ರ ಇದು ಇಲ್ಲಿಗೇ ಮುಗಿಯುವುದಿಲ್ಲ. ಮೂಗು ಕಟ್ಟಿದರೆ ಬಾಯಿ ತೆರೆದುಕೊಳ್ಳುತ್ತದೆ. ಬಾಯಿ ತೆರೆದರೆ ಯಂತ್ರದ ಗಾಳಿ ಮೂಗಿನಿಂದ ಹೊಕ್ಕು ಬಾಯಿಂದ ಸೋರಿ ಹೋಗುತ್ತದೆ. ಸಹಜವಾಗಿ ಉಸಿರಾಡುವಾಗ ಒಳಗೆ ಹೋದ ಗಾಳಿ ತೇವ ಹೊತ್ತು ಮತ್ತೆ ಮೂಗಿನಿಂದಲೇ ಹೊರಬರುವುದರಿಂದ ಒಳಪೊರೆಗೆ ಅದರ ತೇವ ಒಂದಿಷ್ಟು ವಾಪಸು ಸಿಗುತ್ತದೆ. ಸೋರಿಕೆಯಲ್ಲಿ ಅದಿಲ್ಲ. ಗಾಳಿ ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಹರಿದು ಪೊರೆಯನ್ನು ಒಣಗಿಸುತ್ತದೆ. ಒಣಗಿದ ಪೊರೆ ಕೆರಳಿ ಇನ್ನಷ್ಟು ಊದಿಕೊಳ್ಳುತ್ತದೆ.

ಇದು ಬರೀ ಊಹೆಯಲ್ಲ. ಆಸ್ಟ್ರೇಲಿಯಾದ ಸಂಶೋಧಕರು 1996ರಲ್ಲಿ ಆರೋಗ್ಯವಂತರಿಗೇ ಮಾಸ್ಕ್ ಹಾಕಿ, ಬೇಕೆಂದೇ ಬಾಯಿಂದ ಗಾಳಿ ಸೋರುವಂತೆ ಮಾಡಿ ಅಳೆದರು. ಕೆಲವೇ ನಿಮಿಷಗಳಲ್ಲಿ ಮೂಗಿನ ತಡೆ ಸುಮಾರು ಮೂರು ಪಟ್ಟಾಯಿತು. ಅದೇ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಬೆರೆಸಿ ಕೊಟ್ಟಾಗ ಈ ಏರಿಕೆ ಬಹುಮಟ್ಟಿಗೆ ತಪ್ಪಿತು. ಅಂದರೆ ಯಂತ್ರ ಹಾಕಿದ ಮೇಲೆಯೇ ಮೂಗು ಕಟ್ಟಲು ಶುರುವಾಯಿತು ಎನ್ನುವ ರೋಗಿಯ ದೂರನ್ನು ನೆಪವೆಂದು ತಳ್ಳಿಹಾಕುವಂತಿಲ್ಲ.

ಅಪಾಯ ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಆಕ್ಸಿಮೆಟಜೊಲಿನ್ ಅಥವಾ ಕ್ಸೈಲೊಮೆಟಜೊಲಿನ್ ಹನಿಯನ್ನು ಬಿಟ್ಟುಕೊಂಡರೆ ಹಿಗ್ಗಿದ ರಕ್ತನಾಳಗಳು ಬಿಗಿಯುತ್ತವೆ, ಹತ್ತು ನಿಮಿಷದೊಳಗೆ ಮೂಗು ಬಿಚ್ಚಿಕೊಳ್ಳುತ್ತದೆ. ಇಷ್ಟು ಬೇಗ ಫಲ ಕೊಡುವ ಮದ್ದನ್ನು ಯಾರು ತಾನೇ ಬಿಟ್ಟಾರು? ಸೀಸೆಯ ಜೊತೆಗಿರುವ ಚೀಟಿ ಮಾತ್ರ 3 ದಿನ, ಹೆಚ್ಚೆಂದರೆ ಒಂದು ವಾರ ಎನ್ನುತ್ತದೆ. ನೆಗಡಿಯವನಿಗೆ ಆ ಗಡುವು ಸಾಕು. ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಎಂಬ ಹಾಸ್ಯದ ಮಾತೇ ಇದೆಯಲ್ಲ. ಸಿಪ್ಯಾಪ್ ಬಳಸುವವರ ಲೆಕ್ಕ ಬೇರೆ. ಅವರಿಗೆ ತೆರೆದ ಮೂಗು ಪ್ರತಿ ರಾತ್ರಿ ಬೇಕು, ಬಹುಶಃ ಆಯುಷ್ಯವಿಡೀ ಬೇಕು. ಮೂರು ದಿನದ ಮದ್ದು ಮೂರು ವರ್ಷದ ಅಭ್ಯಾಸವಾಗಲು ಇವರಿಗಿರುವಷ್ಟು ಕಾರಣ ಬೇರೆ ಯಾರಿಗೂ ಇಲ್ಲ.

ಹನಿಯ ದೋಷ 1940ರ ದಶಕದಿಂದಲೇ ವೈದ್ಯರಿಗೆ ಗೊತ್ತು. ರಕ್ತನಾಳಗಳು ಮದ್ದಿಗೆ ಒಗ್ಗಿಹೋಗುತ್ತವೆ. ಅದರ ಪ್ರಭಾವ ಇಳಿದ ಮೇಲೆ ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ. ಸ್ವೀಡನ್ನಿನ ಪೀಟರ್ ಗ್ರಾಫ್ 1990ರ ದಶಕದಲ್ಲಿ ಯಾವ ಮೂಗಿನ ಕಾಯಿಲೆಯೂ ಇಲ್ಲದ ಜನರಿಗೆ ನಾಲ್ಕು ವಾರ ಹನಿ ಕೊಟ್ಟು ಒಳಪೊರೆಯ ಊತವನ್ನು ಅಳೆದು ತೋರಿಸಿದರು. ಮದ್ದು ಕೆಲಸ ಮಾಡುವ ಅವಧಿ ಕುಗ್ಗುತ್ತ ಬಂತು, ಊತ ಮರುಕಳಿಸಿತು. ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಊತವನ್ನು ಹೆಚ್ಚಿಸುತ್ತದೆ ಎಂಬುದೂ ಅವರ ಪ್ರಯೋಗಗಳಲ್ಲೇ ಕಂಡಿತು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ ಎನ್ನುವುದನ್ನೂ ಹೇಳಬೇಕು. ದಿನಕ್ಕೆ ಒಂದೇ ಬಾರಿ, ರಾತ್ರಿ ಮಾತ್ರ ಹಾಕಿಕೊಂಡ ಕೆಲವು ಆರೋಗ್ಯವಂತರಲ್ಲಿ ನಾಲ್ಕು ವಾರವಾದರೂ ಇಂಥ ಮರು-ಊತ ಕಂಡಿಲ್ಲ. ಆದರೆ ರಾತ್ರಿ ಒಂದೇ ಬಾರಿ ಎಂಬ ನೇಮ ಎಷ್ಟು ದಿನ ಉಳಿದೀತು? ನಡುರಾತ್ರಿ ಮಾಸ್ಕಿನೊಳಗೆ ಉಸಿರು ಕಟ್ಟಿದಂತಾದಾಗ ಕೈ ಸೀಸೆಗೇ ಹೋಗುತ್ತದೆ. ಇಷ್ಟೆಲ್ಲ ಆಗಿಯೂ ಹನಿಯಿಂದ ಮೂಲ ಕಾಯಿಲೆಗೆ ಲಾಭವಿದೆಯೇ? ಸ್ಲೀಪ್ ಆಪ್ನಿಯಾ ಜೊತೆಗೆ ಸದಾ ಮೂಗು ಕಟ್ಟುವ ತೊಂದರೆಯೂ ಇದ್ದವರಿಗೆ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಒಂದು ವಾರ ಕ್ಸೈಲೊಮೆಟಜೊಲಿನ್ ಕೊಟ್ಟು ನೋಡಿದರು. ಮೂಗು ತೆರೆಯಿತು, ಉಸಿರು ಕಟ್ಟುವ ಸಲಗಳ ಒಟ್ಟು ಲೆಕ್ಕ ಇಳಿಯಲಿಲ್ಲ.

ಹನಿ ಬಿಟ್ಟು ನೆಗಡಿ ಮಾತ್ರೆಗೆ ಹೊರಳುವವರಿದ್ದಾರೆ. ನಮ್ಮಲ್ಲಿ ಮಾರಾಟವಾಗುವ ಅನೇಕ ನೆಗಡಿ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ. ಬಾಯಿಯಿಂದ ನುಂಗಿದ ಫಿನೈಲೆಫ್ರಿನ್ ಕಟ್ಟಿದ ಮೂಗಿಗೆ ಉಪಯೋಗವಿಲ್ಲ ಎಂದು ಅಮೆರಿಕದ ಔಷಧ ಆಡಳಿತದ ತಜ್ಞರ ಸಮಿತಿ 2023ರ ಸೆಪ್ಟೆಂಬರಿನಲ್ಲಿ ಒಮ್ಮತದಿಂದ ಹೇಳಿತು; ಮರುವರ್ಷ ಅದನ್ನು ಅಂಥ ಮಾತ್ರೆಗಳಿಂದ ಕೈಬಿಡುವ ಪ್ರಸ್ತಾವವೂ ಬಂತು. ಇದೇ ಬಗೆಯ ಸ್ಯೂಡೋಎಫೆಡ್ರಿನ್ ಮೂಗು ಬಿಡಿಸುತ್ತದೆ ನಿಜ, ಆದರೆ ಬಿ.ಪಿ. ಏರಿಸಬಲ್ಲದು, ನಿದ್ದೆಯನ್ನೂ ಕೆಡಿಸುತ್ತದೆ. ಸ್ಲೀಪ್ ಆಪ್ನಿಯಾ ಇರುವವರಲ್ಲಿ ಬಿ.ಪಿ. ಇರುವವರೇ ಹೆಚ್ಚು ಎಂಬುದು ನೆನಪಿದ್ದರೆ ಸಾಕು.

ಇನ್ನು ಅಡುಗೆಮನೆಯ ಮದ್ದುಗಳು. ವಿಕ್ಸ್ ಹಚ್ಚಿದರೆ ಮೂಗು ತೆರೆದಂತೆ ಅನ್ನಿಸುತ್ತದೆ, ತೆರೆಯುವುದಿಲ್ಲ. ಮೆಂಥಾಲ್ ಗಾಳಿಯ ತಡೆಯನ್ನು ಕಡಿಮೆ ಮಾಡದೆ ತಂಪಿನ ಅನುಭವ ಮಾತ್ರ ಕೊಡುತ್ತದೆ ಎಂದು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರಾನ್ ಎಕಲ್ಸ್ 1980ರ ದಶಕದಲ್ಲೇ ತೋರಿಸಿದ್ದರು. ಅದಾದರೂ ಹೆಚ್ಚೇನೂ ಕೆಡುಕು ಮಾಡದ ಸಮಾಧಾನ. ಯಂತ್ರದ ನೀರಿನ ಡಬ್ಬಿಗೆ ನೀಲಗಿರಿ ಎಣ್ಣೆ ಸುರಿಯುವುದು ಹಾಗಲ್ಲ. ಆ ಡಬ್ಬಿ ನೀರಿಗಷ್ಟೇ. ಎಣ್ಣೆಯ ಆವಿ ರಾತ್ರಿಯಿಡೀ ಒತ್ತಡದಲ್ಲಿ ಶ್ವಾಸಕೋಶಕ್ಕೆ ಹೋಗಲು ಬಿಡಬಾರದು. ಮಲಗುವ ಮುನ್ನ ಹೊಳ್ಳೆಗೆ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ಬಿಟ್ಟುಕೊಳ್ಳುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಮೂಗಿಗೆ ಹಾಕಿದ ಎಣ್ಣೆ ಜಾರಿ ಶ್ವಾಸಕೋಶ ಸೇರಿ ಒಂದು ಬಗೆಯ ನ್ಯುಮೋನಿಯಾ ತರುತ್ತದೆ ಎಂಬುದನ್ನು ಕೆನಡಾದ ಲಾಫ್ಲೆನ್ ಎಂಬ ವೈದ್ಯ 1925ರಲ್ಲೇ ದಾಖಲಿಸಿದ್ದಾನೆ. ಅದಾದ ಮೇಲೂ ಇಂಥ ವರದಿಗಳು ನಿಂತಿಲ್ಲ.

ಜಲನೇತಿಯ ಮಾತು ಸ್ವಲ್ಪ ವಿವರವಾಗಿಯೇ ಆಗಬೇಕು. ಉಪ್ಪುನೀರಿನಿಂದ ಮೂಗು ತೊಳೆಯುವುದಕ್ಕೆ ಒಳ್ಳೆಯ ಪುರಾವೆಯಿದೆ, ಸಿಪ್ಯಾಪ್ ಹಾಕುವ ಮೊದಲು ಮಾಡಿದರೆ ಕೆರಳಿದ ಪೊರೆಗೆ ಹಿತವೂ ಹೌದು. ಅಪಾಯ ಇರುವುದು ನೀರಿನಲ್ಲಿ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನೇತಿ ಪಾತ್ರೆಗೆ ನಲ್ಲಿ ನೀರು ತುಂಬಿ ಮೂಗು ತೊಳೆದುಕೊಂಡ ಇಬ್ಬರು ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾದಿಂದ ಸತ್ತರು. ಈ ಜೀವಿ ಕುಡಿದ ನೀರಿನಿಂದ ಏನೂ ಮಾಡದು. ಮೂಗಿನ ಮೇಲ್ಭಾಗಕ್ಕೆ ಹೊಕ್ಕರೆ ವಾಸನೆಯ ನರದ ಜಾಡು ಹಿಡಿದು ಮಿದುಳಿಗೆ ಹೋಗುತ್ತದೆ, ಅಲ್ಲಿಗೆ ಹೋದ ಮೇಲೆ ಉಳಿದವರು ವಿರಳ. ಅದು ದೂರದ ಮಾತು ಎನ್ನುವ ಹಾಗಿಲ್ಲ. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಇಂಥ ಅಮೀಬಾ ಸೋಂಕುಗಳಿಂದ ಸಾವುಗಳಾದವು. 2025ರ ನವೆಂಬರಿನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಶಬರಿಮಲೆಗೆ ಹೊರಟವರಿಗೆ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ ಎಂದು ಸೂಚನೆ ಹೊರಡಿಸಿತು. ನೇತಿ ಮಾಡುವವರು ನೀರನ್ನು ಕುದಿಸಿಯೇ ಬಳಸಬೇಕು: ಕೊತಕೊತ ಕುದಿಯಲು ತೊಡಗಿದ ಮೇಲೆ ಕನಿಷ್ಠ ಒಂದು ನಿಮಿಷ, ಆಮೇಲೆ ಆರಿಸಿ. ಬೆಚ್ಚಗೆ ಮಾಡಿದರೆ ಸಾಲದು, ಆ ಬೆಚ್ಚನೆಯ ನೀರೇ ಅಮೀಬಾಕ್ಕೆ ಇಷ್ಟ. ಯಂತ್ರದ ಡಬ್ಬಿಗೆ ಡಿಸ್ಟಿಲ್ಡ್ ನೀರು ಹಾಕಿ ದಿನವೂ ಬದಲಿಸಬೇಕು. ಬೋರ್‌ವೆಲ್ ನೀರಾದರೆ ಬಿಳಿ ಪದರ ಕಟ್ಟುತ್ತದೆ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಉಸಿರಾಡಲೆಂದು ತಯಾರಾದದ್ದಲ್ಲ.

ಹಾಗಾದರೆ ಪುರಾವೆ ಯಾವುದಕ್ಕಿದೆ? ಡಬ್ಲಿನ್ನಿನಲ್ಲಿ ಹೊಸದಾಗಿ ಸಿಪ್ಯಾಪ್ ಹಿಡಿದ 125 ಮಂದಿಯನ್ನು ಮೂರು ಗುಂಪು ಮಾಡಿದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ತಿಂಗಳ ಕೊನೆಗೆ, ಒಣ ಗಾಳಿ ಪಡೆದವರಲ್ಲಿ ನೂರಕ್ಕೆ 70 ಮಂದಿಗೆ ಮೂಗಿನ ತೊಂದರೆ ಇತ್ತು. ಸ್ಟೀರಾಯ್ಡ್ ಸ್ಪ್ರೇ ಪಡೆದವರಲ್ಲಿ 53. ಬೆಚ್ಚಗೆ ಮಾಡಿ ತೇವ ಬೆರೆಸುವ ಹ್ಯುಮಿಡಿಫೈಯರ್ ಇದ್ದವರಲ್ಲಿ 28. ಯಂತ್ರ ಬಳಸಿದ ಗಂಟೆಗಳಲ್ಲಿ ಮಾತ್ರ ಮೂರು ಗುಂಪಿಗೂ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. ಮಾರಾಟಗಾರರು ಈ ಕೊನೆಯ ಮಾತನ್ನು ಹೇಳುವುದಿಲ್ಲ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಎಲ್ಲ ಮೂಗಿಗೂ ಒಂದೇ ಪರಿಹಾರ ಹಂಚಿದರೆ ಗೆಲುವು ಅರ್ಧವೇ. ಈ ಮೂಗು ಯಾಕೆ ಕಟ್ಟುತ್ತಿದೆ ಎಂದು ಇ.ಎನ್.ಟಿ. ವೈದ್ಯರು ಒಳಗೆ ನೋಡಿ ಹೇಳಬೇಕು. ಬೆಂಗಳೂರಿನಂಥ ಊರಿನಲ್ಲಿ ಕಾಂಗ್ರೆಸ್ ಗಿಡದ ಪರಾಗ, ಹಾಸಿಗೆಯ ದೂಳಿನ ನುಸಿ ಕಾರಣವಿದ್ದೀತು. ಅಂಥ ಅಲರ್ಜಿಯ ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಸರಿಯಾದ ಮದ್ದು, ಫಲ ಪೂರ್ತಿ ಕಾಣಲು ವಾರ ಎರಡು ವಾರ ಬೇಕು, ಮತ್ತು ಸ್ಪ್ರೇ ತುದಿ ಮೂಗಿನ ನಡುಗೋಡೆಯ ಕಡೆಗಲ್ಲ, ಕಿವಿಯ ಕಡೆಗೆ ಇರಬೇಕು. ನಡುಗೋಡೆ ಸೊಟ್ಟಗಿದ್ದರೆ ಯಾವ ಸ್ಪ್ರೇಯೂ ಅದನ್ನು ನೆಟ್ಟಗೆ ಮಾಡದು. ಅಂಥವರಿಗೆ ಶಸ್ತ್ರಚಿಕಿತ್ಸೆ ಸ್ಲೀಪ್ ಆಪ್ನಿಯಾವನ್ನು ವಾಸಿಮಾಡುವುದಿಲ್ಲವಾದರೂ ಯಂತ್ರದ ಒತ್ತಡವನ್ನು ಸುಮಾರು 2 ಸೆಂಟಿಮೀಟರ್ ನೀರಿನ ಒತ್ತಡದಷ್ಟು ಇಳಿಸಬಲ್ಲದು ಎಂದು ಹಲವು ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ. ಮೂಗು ಕಟ್ಟುತ್ತದೆ ಎಂಬ ಕಾರಣಕ್ಕೇ ಬಾಯಿ-ಮೂಗು ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕಿಗೆ ಕಾಯಂ ಆಗಿ ಬದಲಾಗುವುದೂ ಅಷ್ಟು ಒಳ್ಳೆಯದಲ್ಲ. ಅದರಲ್ಲಿ ಸೋರಿಕೆ ಹೆಚ್ಚು, ಬೇಕಾಗುವ ಒತ್ತಡವೂ ಹೆಚ್ಚು. ನೆಗಡಿಯ ನಾಲ್ಕು ರಾತ್ರಿಗೆ ಅದು ಸರಿ.

ಆ ನಾಲ್ಕು ರಾತ್ರಿ ಯಂತ್ರವನ್ನೇ ಹಾಕದಿದ್ದರೆ ಏನಾದೀತು ಎಂದು ಕೇಳುವವರಿಗೆ ಜೂರಿಕ್‌ನಲ್ಲೇ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಉತ್ತರವಿದೆ. ಚೆನ್ನಾಗಿ ಸಿಪ್ಯಾಪ್ ಬಳಸುತ್ತಿದ್ದ 41 ಮಂದಿಯಲ್ಲಿ ಅರ್ಧದಷ್ಟು ಜನರ ಚಿಕಿತ್ಸೆಯನ್ನು ಎರಡು ವಾರ ನಿಲ್ಲಿಸಿದರು. ಉಸಿರು ಕಟ್ಟುವುದು ಕೆಲವೇ ದಿನಗಳಲ್ಲಿ ಮರಳಿತು. ಎರಡು ವಾರಕ್ಕೆ ಬೆಳಗಿನ ಬಿ.ಪಿ.ಯ ಮೇಲಿನ ಅಂಕಿ 8.5ರಷ್ಟು, ಕೆಳಗಿನದು 6.9ರಷ್ಟು ಏರಿತ್ತು. ಹಾಕಿಕೊಂಡರೂ ಅರೆಬರೆಯಾಗಿ ಹಾಕಿಕೊಂಡರೆ? 2016ರ 'ಸೇವ್' ಪ್ರಯೋಗದಲ್ಲಿ ಹೃದಯ ಮತ್ತು ಮಿದುಳಿನ ರಕ್ತನಾಳದ ಕಾಯಿಲೆಯಿದ್ದ 2,717 ಮಂದಿಯಿದ್ದರು. ಸಿಪ್ಯಾಪ್ ಪಡೆದವರು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಬಳಸಿದರು. ಹೃದಯಾಘಾತ, ಪಾರ್ಶ್ವವಾಯು ಅವರಲ್ಲಿ ಕಡಿಮೆಯಾಗಲಿಲ್ಲ. ಹನಿಯಿಂದ ಹಾಳಾದ ಮೂಗಿನವನು ನಡುರಾತ್ರಿ ಮಾಸ್ಕ್ ಕಿತ್ತಿಟ್ಟರೆ ಅವನ ಲೆಕ್ಕವೂ ಹೆಚ್ಚುಕಡಿಮೆ ಇಷ್ಟಕ್ಕೇ ಬಂದು ನಿಲ್ಲುತ್ತದೆ. ಎಷ್ಟು ಗಂಟೆ ಬಳಸಿದಿರಿ, ಎಷ್ಟು ಸೋರಿತು ಎಂಬುದು ಇಂದಿನ ಬಹುತೇಕ ಯಂತ್ರಗಳ ನೆನಪಿನಲ್ಲೇ ದಾಖಲಾಗಿರುತ್ತದೆ. ಡಾಕ್ಟರ ಬಳಿ ಹೋಗುವಾಗ ಆ ದಾಖಲೆಯನ್ನೂ, ಹನಿಯ ಸೀಸೆಯನ್ನೂ ಜೊತೆಗೇ ಒಯ್ಯಿರಿ. ಹನಿಯ ವಿಷಯವನ್ನು ರೋಗಿಗಳು ತಾವಾಗಿ ಹೇಳುವುದು ಕಡಿಮೆ, ಅದನ್ನು ಔಷಧಿಯೆಂದೇ ಅವರು ಎಣಿಸಿರುವುದಿಲ್ಲ.

ಸೀಸೆಗೆ ಈಗಾಗಲೇ ಅಂಟಿಕೊಂಡವರಿಗೆ ದಾರಿ ಮುಚ್ಚಿಲ್ಲ. ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದಲ್ಲಿ 19 ಆರೋಗ್ಯವಂತರಿಗೆ 14 ದಿನ ಆಕ್ಸಿಮೆಟಜೊಲಿನ್ ಕೊಟ್ಟು ಮರು-ಊತ ಬರಿಸಿ, ಅನಂತರ ಮೂರು ದಿನ ಫ್ಲುಟಿಕಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇಯನ್ನೂ ಸೇರಿಸಿದಾಗ ಊತ ಹಿಮ್ಮೆಟ್ಟಿತು. ವರ್ಷಗಟ್ಟಲೆ ಹನಿ ಹಾಕಿದ ಮೂಗು ಅಷ್ಟು ಬೇಗ ಮಣಿಯಲಿಕ್ಕಿಲ್ಲ. ವೈದ್ಯರು ಸಾಮಾನ್ಯವಾಗಿ ಮೊದಲು ಸ್ಟೀರಾಯ್ಡ್ ಸ್ಪ್ರೇ ಶುರುಮಾಡಿಸಿ, ಆಮೇಲೆ ಹನಿಯನ್ನು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೂ ನಿಲ್ಲಿಸಲು ಹೇಳುತ್ತಾರೆ. ಮೊದಲ ವಾರ ಕಷ್ಟದ್ದು. ಮೂಗು ಪೂರ್ತಿ ಮುಚ್ಚಿದಂತಾಗಿ ಮತ್ತೆ ಸೀಸೆ ನೆನಪಾಗುತ್ತದೆ. ಆ ವಾರಕ್ಕೆಂದೇ ದೊಡ್ಡ ಮಾಸ್ಕನ್ನು ಬಾಡಿಗೆಗೋ ಸಾಲಕ್ಕೋ ಸಿಗುವುದಾದರೆ ಮೊದಲೇ ಕೇಳಿ ತಂದಿಟ್ಟುಕೊಳ್ಳುವುದು ಒಳ್ಳೆಯದು. ಹ್ಯುಮಿಡಿಫೈಯರಿನ ಬಿಸಿಯನ್ನು ಒಂದೆರಡು ಅಂಕ ಏರಿಸಿ, ತಲೆಯ ಕಡೆ ಮಂಚವನ್ನು ಸ್ವಲ್ಪ ಎತ್ತರಿಸಿ ಮಲಗಿದರೆ ಯಂತ್ರವನ್ನು ಒಂದು ರಾತ್ರಿಯೂ ಬಿಡದೆ ಈ ವಾರ ದಾಟಲು ಸಾಧ್ಯ.