ಬಸುರಿಯ ಅಂಡಾಶಯದಲ್ಲಿ ಗಡ್ಡೆ: ಕಾಯುವುದೋ, ತೆಗೆಸುವುದೋ

ಮೊದಲ ಸ್ಕ್ಯಾನಿಂಗಿನಲ್ಲಿ ಮಗುವಿನ ಎದೆಬಡಿತದ ಜೊತೆಗೇ ಇನ್ನೊಂದು ಸುದ್ದಿ ಬರುವುದುಂಟು: ಅಂಡಾಶಯದಲ್ಲಿ ಸಿಸ್ಟ್ ಇದೆ. ಮನೆ ಮುಟ್ಟುವಷ್ಟರಲ್ಲಿ ಅದು ‘ಗಡ್ಡೆ’ಯಾಗುತ್ತದೆ, ನೆಂಟರ ಬಾಯಿಗೆ ಬೀಳುವಾಗ ಕ್ಯಾನ್ಸರೇ ಆಗಿಬಿಡುತ್ತದೆ. ಅಷ್ಟು ಗಾಬರಿ ಬೇಡ. ಈ ಹೊತ್ತಿನಲ್ಲಿ ಕಾಣುವ ಬಹುಪಾಲು ನೀರುಗುಳ್ಳೆಗಳು ಬಸಿರಿನಿಂದಲೇ ಆದವು. ಅಂಡ ಹೊರಬಿದ್ದ ಜಾಗದಲ್ಲಿ ಉಳಿಯುವ ಕಾರ್ಪಸ್ ಲೂಟಿಯಂ ಎಂಬ ಹಳದಿ ಗಂಟು ಪ್ರೊಜೆಸ್ಟರಾನ್ ಹಾರ್ಮೋನು ಒದಗಿಸಿ ಬಸಿರನ್ನು ನಿಲ್ಲಿಸುತ್ತದೆ. ಕೆಲವರಲ್ಲಿ ಅದು ನೀರು ತುಂಬಿ ಊದಿಕೊಳ್ಳುತ್ತದೆ. ಹಾರ್ಮೋನು ಒದಗಿಸುವ ಕೆಲಸವನ್ನು ಮಾಸು ವಹಿಸಿಕೊಂಡ ಮೇಲೆ, 16ನೇ ವಾರದ ಹೊತ್ತಿಗೆ ಹೆಚ್ಚಿನವು ತಾವೇ ಕರಗುತ್ತವೆ. ‘ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ’ ಎನ್ನುವ ವೈದ್ಯರು ಕಾಲ ತಳ್ಳುತ್ತಿಲ್ಲ, ಚಿಕಿತ್ಸೆಯನ್ನೇ ಮಾಡುತ್ತಿದ್ದಾರೆ.

ಕರಗದೆ ಉಳಿಯುವವುಗಳಲ್ಲಿ ಡರ್ಮಾಯ್ಡ್ ಮುಖ್ಯ. ಒಳಗೆ ಜಿಡ್ಡು, ಕೂದಲ ಉಂಡೆ, ಒಮ್ಮೊಮ್ಮೆ ಹಲ್ಲು! ನೋಡಲು ಭಯಂಕರ, ಆದರೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಕ್ಯಾನ್ಸರಿನ ಗುಮಾನಿಗೆ ಮಾಡಿಸುವ ಸಿಎ-125 ರಕ್ತಪರೀಕ್ಷೆಯ ಅಂಕಿಯೊಂದನ್ನೇ ನಂಬಿ ಕಂಗೆಡಬಾರದು. ಬಸಿರಿನ ಮೊದಲ ತಿಂಗಳುಗಳಲ್ಲಿ ಅದು ಹೇಗೂ ಏರಿರುತ್ತದೆ.

ನಿಜವಾದ ತುರ್ತು ಬೇರೆ. ಗಡ್ಡೆಯ ಭಾರಕ್ಕೆ ಅಂಡಾಶಯ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ರಕ್ತ ಹರಿಯುವುದೇ ನಿಲ್ಲಬಹುದು. ಆಗ ಎಷ್ಟನೇ ತಿಂಗಳು ಎಂದು ನೋಡುತ್ತ ಕೂರುವಂತಿಲ್ಲ.

ಅಂಡಾಶಯದ ಶಸ್ತ್ರಚಿಕಿತ್ಸೆಯ ಚರಿತ್ರೆ ಶುರುವಾದದ್ದೂ ಬಸಿರಿನ ಗೊಂದಲದಿಂದಲೇ. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಉಬ್ಬಿದ ಹೊಟ್ಟೆ ನೋಡಿ ಅವಳಿ ಮಕ್ಕಳೆಂದೇ ಎಲ್ಲರೂ ಎಣಿಸಿದ್ದರು. ಗಡ್ಡೆಯೆಂದು ಗುರುತಿಸಿದವರು ಎಫ್ರೈಮ್ ಮ್ಯಾಕ್‌ಡವೆಲ್. ಆಕೆ ಕುದುರೆಯ ಮೇಲೆ ನೂರು ಕಿಲೋಮೀಟರಿನಷ್ಟು ದೂರ ಬಂದಳು. ಅರಿವಳಿಕೆ ಇಲ್ಲದ ಕಾಲ. ಸುಮಾರು 25 ನಿಮಿಷದಲ್ಲಿ ಹತ್ತು ಕಿಲೋ ತೂಕದ ಗಡ್ಡೆ ಹೊರಬಂತು. ಆಕೆ ಮತ್ತೆ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದಳು.

ಈಗ ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ತೂತು ಸಾಕು. ಹೀಗೆ ತೂತಿನ ಮೂಲಕ ಮಾಡುವ ಲ್ಯಾಪರೋಸ್ಕೋಪಿಗೆ ಬಸಿರೇ ಅಡ್ಡಿ ಎಂಬ ಮಾತು ಸುಮಾರು 1990ರವರೆಗೂ ಇತ್ತು. ಈಗ ಅದು ಉಳಿದಿಲ್ಲ. ತುರ್ತಿಲ್ಲದಿದ್ದರೆ ನಾಲ್ಕನೇ, ಐದನೇ ತಿಂಗಳು ಅನುಕೂಲ: ಕರಗುವ ಗುಳ್ಳೆ ಕರಗಿರುತ್ತದೆ, ಗರ್ಭಕೋಶವಿನ್ನೂ ಜಾಗ ಬಿಟ್ಟಿರುತ್ತದೆ. ಗರ್ಭಕೋಶ ಎಲ್ಲಿಯವರೆಗೆ ಬೆಳೆದಿದೆ ಎಂದು ಕೈಯಿಟ್ಟು ನೋಡಿ, ಮೊದಲ ತೂತನ್ನು ಅದಕ್ಕಿಂತ ಮೇಲೆ ಹಾಕುತ್ತಾರೆ. ಹೊಟ್ಟೆಗೆ ತುಂಬುವ ಕಾರ್ಬನ್ ಡೈಆಕ್ಸೈಡಿನ ಒತ್ತಡ ಪಾದರಸದ 10ರಿಂದ 15 ಮಿಲಿಮೀಟರಿನೊಳಗೆ ಇರಬೇಕು. ದೊಡ್ಡ ರಕ್ತನಾಳದ ಮೇಲೆ ಗರ್ಭಕೋಶದ ಭಾರ ಬೀಳದಂತೆ ಎಡಮಗ್ಗುಲಿಗೆ ವಾಲಿಸಿ ಮಲಗಿಸುತ್ತಾರೆ. ಡರ್ಮಾಯ್ಡಿನ ಜಿಡ್ಡು ಹೊಟ್ಟೆಯೊಳಗೆ ಚೆಲ್ಲಿದರೆ ಉರಿಯೂತವಾದೀತೆಂದು ಗಡ್ಡೆಯನ್ನು ಸಣ್ಣ ಚೀಲದೊಳಗಿಟ್ಟೇ ಹೊರಗೆಳೆಯುತ್ತಾರೆ. ಸಾಧ್ಯವಾದಷ್ಟೂ ಅಂಡಾಶಯ ಉಳಿಸುತ್ತಾರೆ. ಮಗುವಿನ ಎದೆಬಡಿತವನ್ನು ಮೊದಲೂ ಆಮೇಲೂ ನೋಡುತ್ತಾರೆ. ತೀರಾ ಮೊದಲ ವಾರಗಳಲ್ಲಿ ಆ ಹಳದಿ ಗಂಟನ್ನೇ ತೆಗೆಯಬೇಕಾಗಿ ಬಂದರೆ ಪ್ರೊಜೆಸ್ಟರಾನ್ ಔಷಧಿ ಕೊಡಬೇಕಾಗುತ್ತದೆ.

ಗಾಯ ಚಿಕ್ಕದಾದ್ದರಿಂದ ನೋವು ಕಡಿಮೆ. ಬೇಗ ಎದ್ದು ಓಡಾಡಬಹುದು, ಬಸುರಿಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಅಷ್ಟು ತಗ್ಗುತ್ತದೆ. ಹಾಗೆಂದು ಎಲ್ಲರಿಗೂ ಇದೇ ದಾರಿಯಲ್ಲ. ಗಡ್ಡೆ ಬಹಳ ದೊಡ್ಡದಿದ್ದರೆ, ಕ್ಯಾನ್ಸರಿನ ಗುಮಾನಿ ಬಲವಾಗಿದ್ದರೆ ಹೊಟ್ಟೆ ಕೊಯ್ದು ತೆಗೆಯುವುದೇ ಸರಿ.

ಸಿಸ್ಟ್ ಇದೆಯೆಂದು ಗೊತ್ತಿರುವ ಬಸುರಿಗೆ ಹೊಟ್ಟೆಯ ಒಂದು ಮಗ್ಗುಲಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದು ವಾಂತಿಯಾದರೆ ಗ್ಯಾಸ್ ಎಂದು ಕಷಾಯ ಕುಡಿಸುತ್ತ ಕೂರಬೇಡಿ. ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.